ಯಾರು ಬೆನ್ನ ಹತ್ಯಾರ?

ಮೊದಲ ವಾರ ನಾಯಿಗಳು ಕೇಳಿದವು.
ಎರಡನೆಯ ವಾರ, ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದ
ಫಕೀರಸಾಬ ಕೇಳಿದ:
"ಯಾಕ್ರೀ ಬಾಯಾರ, ಯಾರು ಬೆನ್ನ ಹತ್ಯಾರ?"

ಅವನ ತಪ್ಪಲ್ಲ.
ಈ ದಂಡೆಯ ಊರುಗಳಲ್ಲಿ ಓಡಲಿಕ್ಕೆ ಕಾರಣ ಬೇಕು:
ಹಗ್ಗ ಹರಿದ ಹೋರಿ,
ಹೊರಟೇಬಿಟ್ಟ ಬಾದಾಮಿ ಬಸ್ಸು,
ಬಣವಿಗೆ ಬಿದ್ದ ಕಿಡಿ,
ನಡುರಾತ್ರಿ ಬ್ಯಾನಿ ಎದ್ದ ಸೊಸೆ.
ಸಕ್ಕರೆ ಮುನ್ನೂರ ಹತ್ತು ಎಂಬುದು
ಕಾರಣವೆಂದು ಅವನಿಗೆ ಅನಿಸಲಿಲ್ಲ.
"ಹಂಗಾದ್ರ ಚಹಾ ಬಿಡ್ರಿ. ಓಡೂದ್ಯಾಕ?"

ಐದೂವರೆಗೆ ಪಟ್ಟದಕಲ್ಲು ಬಿಡುತ್ತೇನೆ.
ಮಲಪ್ರಭೆ ಆಗಿನ್ನೂ ಬರೀ ವಾಸನೆ:
ಜೇಕು, ಹಸಿ ಉಸುಕು, ಎಮ್ಮೆ.
ಎಡಕ್ಕೆ ಗುಡ್ಡ, ಬಲಕ್ಕೆ ನೀರು.
ಇಲ್ಲಿ ನದಿ ಉತ್ತರಕ್ಕೆ ಹೊರಳುತ್ತದೆ, ನಾನೂ ಹೊರಳುತ್ತೇನೆ;
ಅದನ್ನು ಯಾರೂ ಕೇಳಿಲ್ಲ, ಯಾಕೆಂದು.
ಮಳೆಯ ಮರುದಿನ ಎರಿಮಣ್ಣು ಬೂಟಿಗೆ ಹತ್ತಿ
ಒಂದೊಂದು ಕಾಲಿಗೆ
ಒಂದೊಂದು ಹೊಲ ಕಟ್ಟಿಕೊಂಡಂತೆ ಓಡುತ್ತೇನೆ,
ಅಂದರೆ, ಓಡುವುದಿಲ್ಲ.

ಆಮೇಲೆ ಒಂದು ಮುಂಜಾನೆ
ನೀಲವ್ವ ದಾರಿಗೆ ಅಡ್ಡ ಬಂದಳು.
"ಹೆಂಗೂ ಓಡತೀ. ಖಾಲಿ ಕೈಲೆ ಯಾಕ?
ಈ ಗುಳಿಗಿ ಮುಂದಿನ ಊರಾಗ ನನ್ನ ಅಣ್ಣಗ ಕೊಡು."

ಕೊಟ್ಟೆ.
ಅಲ್ಲಿಂದ ಶುರು.
ಬೀಗದ ಕೈ. ರೇಷನ್ ಕಾರ್ಡಿನ ಝೆರಾಕ್ಸು.
ಖಣದ ಅಂಚಿಗೆ ಹೊಂದಬೇಕಾದ ಕೆಂಪು ದಾರ, ಗೇಣುದ್ದ.
"ಮೋಟರ ಸುಟ್ಟೈತಿ, ಇವತ್ತ ನೀರ ಬಿಡೂದಿಲ್ಲಂತ ಹೇಳ್ರಿ."
ಕಿಸೆ ಸಾಲದೆ ಸೊಂಟಕ್ಕೆ ಚೀಲ ಕಟ್ಟಿದೆ.
ಫೋನು ಎಲ್ಲರ ಬಳಿಯೂ ಇದೆ.
ಆದರೆ ಫೋನಿನಲ್ಲಿ ದಾರದ ಬಣ್ಣ ಸುಳ್ಳು ಹೇಳುತ್ತದೆ,
ಕೆಲವರ ಹೆಸರು ಮೂಡಿದರೆ ಕೆಲವರು
ರಿಂಗು ಮುಗಿಯುವ ತನಕ ಸುಮ್ಮನೆ ನೋಡುತ್ತ ಕೂಡುತ್ತಾರೆ.

ಗುರುಬಸವ್ವ ಎಂದೂ ಏನೂ ಕೊಟ್ಟವಳಲ್ಲ.
ಮೊನ್ನೆ ಬಾಗಿಲಲ್ಲಿ ನಿಂತು ಕರೆದಳು, ಒಳಗೆ ಕರೆಯಲಿಲ್ಲ.
"ಈರವ್ವಗ ಹೇಳು, ನನ್ನ ತಂಗಿ,
ಒಲಿ ಮುಂದ ಆಡಿದ ಮಾತು ಒಲಿಗೇ ಹಾಕೀನಿ ಅಂತ."
ಎಷ್ಟು ವರ್ಷವಾಯಿತೆಂದು ನಾನು ಕೇಳಲಿಲ್ಲ.
"ಹನ್ನೊಂದ" ಎಂದಳು ತಾನೇ.

ಓಡಿದೆ.
ಒಲಿ ಮುಂದ, ಉಸಿರು ಒಳಗೆ.
ಆಡಿದ ಮಾತು, ಉಸಿರು ಹೊರಗೆ.
ಒಂದಕ್ಷರ ದಾರಿಯಲ್ಲಿ ಬಿದ್ದರೂ ಅರ್ಥ ಕೆಟ್ಟೀತೆಂದು
ಗಂಟಲಲ್ಲಿ ಕಟ್ಟಿಕೊಂಡು ಓಡಿದೆ.
ಗಡಿಯಾರದ ಗುಂಡಿ ಒತ್ತುವುದನ್ನೇ ಮರೆತಿದ್ದೆ.
ನನ್ನ ಜನ್ಮದ ಅತಿ ವೇಗದ ಐದು ಕಿಲೋಮೀಟರು
ಎಲ್ಲಿಯೂ ದಾಖಲಾಗಿಲ್ಲ.

ಈರವ್ವ ಜೋಳ ಕೇರುತ್ತಿದ್ದಳು.
ಹೇಳಿದೆ.
ಮೊರ ನಿಲ್ಲಲಿಲ್ಲ. ಇನ್ನೂ ನಾಲ್ಕು ಸಲ ಕೇರಿದಳು,
ಹೊಟ್ಟು ನನ್ನ ಬೆವರಿಗೆ ಬಂದು ಅಂಟಿತು.
ಎದ್ದು ಒಳಗೆ ಹೋದಳು.
ಬಹಳ ಹೊತ್ತು ಬರಲಿಲ್ಲ.
ಬಂದಾಗ ಕೈಯಲ್ಲಿ ಒಂದು ಗಿಂಡಿ,
ಬಾಯಿ ತನಕ ಮೊಸರು, ಮೇಲೆ ಮುತ್ತಲ ಎಲೆ.
"ಆಕಿಗೆ ಗಟ್ಟಿ ಮೊಸರ ಬೇಕು, ಸಣ್ಣಾಕಿದ್ದಾಗಿಂದ.
ಅಲುಗಸಬ್ಯಾಡ."

ಮೊಸರು ಹಿಡಿದು ಓಡುವ ವಿದ್ಯೆ
ಯಾವ ಬೂಟಿನ ಕಂಪನಿಯೂ ಕಲಿಸಿಲ್ಲ.
ನಡೆದೆ.

ಇನ್ನೂರು ಮುಂಜಾನೆ ದಾಟಿದ ದಾರಿಯಲ್ಲಿ
ಒಂದು ವೀರಗಲ್ಲಿದೆ, ಅದರ ಮೇಲೆ ಯಾರದೋ ಅಂಗಿ ಒಣಗುತ್ತಿದೆ.
ಕುಸುಬಿಯ ಮುಳ್ಳಿನಲ್ಲಿ ಹಳದಿ ಹೂ ಕೂತಿದೆ.
ನಡುಹೊಳೆಯ ಬಂಡೆಯ ಮೇಲೆ ನೀರುಕಾಗೆ
ರೆಕ್ಕೆ ಬಿಚ್ಚಿ ನಿಂತಿದೆ, ಅವಸರವಿಲ್ಲ.
ಪಟ್ಟದಕಲ್ಲಿನ ಶಿಖರ ದೂರದಲ್ಲಿ ಕಂಡು,
ಜೋಳದ ತೆನೆಯ ಹಿಂದೆ ಅಡಗಿ,
ಮತ್ತೆ ಕಾಣುತ್ತದೆ.
ಇದೆಲ್ಲ ಮೊದಲೂ ಇತ್ತೇ?

ಕಟ್ಟೆಯ ಹತ್ತಿರ ಫಕೀರಸಾಬ ಗಾಬರಿಯಾದ.
"ಯಾಕ್ರೀ ಬಾಯಾರ, ನಡಕೋತ ಹೊಂಟೀರಿ?
ಆರಾಮ ಇಲ್ಲೇನು?"

ಗಿಂಡಿ ತೋರಿಸಿದೆ. ಯಾರದೆಂದೂ, ಯಾರಿಗೆಂದೂ ಹೇಳಿದೆ.
ಹಚ್ಚಿದ ಬೀಡಿಯನ್ನು ಕಲ್ಲಿಗೆ ಒರಸಿ ಕಿವಿಯಲ್ಲಿಟ್ಟು
ಅವನು ಕಟ್ಟೆಯಿಳಿದ,
ಒಂದು ಕೋಲು ಹೆಕ್ಕಿಕೊಂಡು
ನನ್ನ ಮುಂದೆ ಮುಂದೆ
ನಾಯಿ ಬೆದರಿಸುತ್ತ
ಗುರುಬಸವ್ವನ ಓಣಿಯ ತಿರುವಿನ ತನಕ ಬಂದ.